ಸಾಸಿವೆ ಡಬ್ಬಿ, ಮಾತಾಡುವ ಡಬ್ಬಿ

ನಮ್ಮ ಅಂಗಡಿಯಲ್ಲಿ ಎರಡು ತಕ್ಕಡಿ ಇವೆ. ಒಂದು ಎಲೆಕ್ಟ್ರಾನಿಕ್, ಮೇಜಿನ ಮೇಲಿದೆ. ಇನ್ನೊಂದು ಹಳೇ ಕಬ್ಬಿಣದ್ದು, ಮೂಲೆಯ ಮೊಳೆಗೆ ನೇತುಹಾಕಿದೆ. ಅದರಲ್ಲಿ ತೂಗಿ ಹದಿನೈದು ವರ್ಷವಾದರೂ ಆಗಿರಬೇಕು. ಮಾವ ಇರುವತನಕ ಅದನ್ನು ಇಳಿಸಲು ಬಿಡಲಿಲ್ಲ. ಅವರು ಹೋದ ಮೇಲೆ ಇಳಿಸಲು ನನಗೇ ಕೈ ಬರಲಿಲ್ಲ.

ತಿಪಟೂರಿನಲ್ಲಿ ನಮ್ಮದು ಸಣ್ಣ ದಿನಸಿ ಅಂಗಡಿ. ಯಜಮಾನರಿಗೆ ಬೇರೆ ಕೆಲಸ ಇದೆ. ಹಾಗಾಗಿ ಮಾವನ ಪಕ್ಕ ಗಲ್ಲಾದಲ್ಲಿ ಕೂತು ವ್ಯಾಪಾರ ಕಲಿತವಳು ನಾನು. ಮೊಬೈಲು, ಕ್ಯೂಆರ್ ಸ್ಟಿಕ್ಕರು, ದುಡ್ಡು ಬಂದರೆ ಮಾತಾಡುವ ಡಬ್ಬಿ, ಎಲ್ಲವೂ ಈ ಅಂಗಡಿಗೆ ಬಂದದ್ದು ನನ್ನ ಕೈಯಿಂದ. ಕೆಲವು ಉಳಿದವು, ಕೆಲವನ್ನು ನಾನೇ ಆಚೆ ಹಾಕಿದೆ. "ಈ ಮೊಬೈಲ್ ಬಂದು ಎಲ್ಲಾ ಹಾಳಾಯ್ತು" ಅನ್ನುವವರೂ ನಮ್ಮ ಗಿರಾಕಿಗಳೇ. "ಇನ್ನೂ ಪುಸ್ತಕದಲ್ಲಿ ಬರೀತೀರಾ ಆಂಟಿ" ಅಂತ ನಗುವವರೂ ನಮ್ಮ ಗಿರಾಕಿಗಳೇ. ಇಬ್ಬರಿಗೂ ಸಾಮಾನು ಕಟ್ಟಿಕೊಡುತ್ತಾ ನನಗೆ ಕಂಡದ್ದು ಇದು.

ಮೊದಲು ಬಂದದ್ದು ಎಲೆಕ್ಟ್ರಾನಿಕ್ ತಕ್ಕಡಿ. ಹಳೇ ತಕ್ಕಡಿಯಲ್ಲಿ ಒಂದು ತಟ್ಟೆಗೆ ತೂಕದ ಬಟ್ಟು, ಇನ್ನೊಂದಕ್ಕೆ ಕಡಲೆ ಬೀಜ. ಎರಡೂ ಸಮ ನಿಂತ ಮೇಲೆ ಮಾವ ಇನ್ನೂ ನಾಲ್ಕು ಕಾಳು ಹಾಕುತ್ತಿದ್ದರು. ಬೀಜದ ತಟ್ಟೆ ಗಿರಾಕಿಯ ಕಣ್ಣೆದುರೇ ಕೆಳಗೆ ವಾಲುತ್ತಿತ್ತು. ಅದೇ ಕೊಸರು. ಹೊಸ ತಕ್ಕಡಿಯಲ್ಲಿ ವಾಲುವುದು ಅನ್ನುವುದೇ ಇಲ್ಲ. 1.000 ಅಂತ ಕೆಂಪಗೆ ಬರುತ್ತದೆ, ಕೈ ಅಲ್ಲಿಗೆ ನಿಲ್ಲುತ್ತದೆ. 1.010 ಬಂದರೆ ಎರಡು ಕಾಳು ವಾಪಸ್ ತೆಗೆಯಲು ಕೈ ತಾನಾಗಿ ಹೋಗುತ್ತದೆ. ನಾನೇನು ಜಿಪುಣಿ ಅಲ್ಲ. ಆದರೂ ಆ ಅಂಕಿ ನೋಡಿದ ಕೂಡಲೇ ಹಾಗೆ ಮಾಡುತ್ತಿದ್ದೆ. ಒಬ್ಬ ಅಜ್ಜಿ ಒಂದು ದಿನ ಕೇಳಿಯೇಬಿಟ್ಟರು. "ಏನವ್ವಾ, ನಿಮ್ಮ ಮಾವ ಹಾಕ್ತಾನೇ ಹೋಗ್ತಿದ್ರು, ನೀನು ತೆಗೀತಿದ್ದೀಯ?"

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ತೂಗುವುದು 1.000ಕ್ಕೆ. ಪೊಟ್ಟಣವನ್ನು ತಕ್ಕಡಿಯಿಂದ ಎತ್ತಿ, ಕಟ್ಟುವ ಮೊದಲು ಒಂದು ಚಿಟಿಕೆ ಹಾಕುವುದು. ಅದು ಲೆಕ್ಕಕ್ಕೆ ಇಲ್ಲ. ಹಾಗಂತ ಹೊಸ ತಕ್ಕಡಿಯನ್ನು ಬೈಯಲಾರೆ. ಹಳೇ ಬಟ್ಟುಗಳು ಸವೆಯುತ್ತಿದ್ದವು, ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುವ ಪುಣ್ಯಾತ್ಮರೂ ಇದ್ದರು. ಇದಕ್ಕೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು, ಅಷ್ಟೇ. ಹತ್ತು ಗ್ರಾಂ ಏಲಕ್ಕಿ ತೂಗುವಾಗ ಇದೇ ಬೇಕು.

ಇನ್ನು ದುಡ್ಡಿನ ವಿಷಯ.

2016ರ ನವೆಂಬರ್ 8, ಮಂಗಳವಾರ ರಾತ್ರಿ. ಅಂಗಡಿ ಬಾಗಿಲು ಹಾಕಿ ಊಟಕ್ಕೆ ಕೂತಿದ್ದೆವು. ಟಿವಿಯಲ್ಲಿ 500, 1,000ದ ನೋಟು ರದ್ದು ಅಂತ ಬಂತು. ಮಾವ ತುತ್ತನ್ನು ತಟ್ಟೆಯಲ್ಲೇ ಇಟ್ಟು ಗಲ್ಲಾ ಪೆಟ್ಟಿಗೆ ಎಣಿಸಲು ಹೋದರು. ಆಮೇಲಿನ ದಿನಗಳಲ್ಲಿ ಜನ ಹೊಸ 2,000ದ ನೋಟು ಹಿಡಿದು 180 ರೂಪಾಯಿ ಸಾಮಾನಿಗೆ ಬರುತ್ತಿದ್ದರು. ಚಿಲ್ಲರೆ ಎಲ್ಲಿಂದ ತರುವುದು? ಎಲ್ಲರಿಗೂ ಉದ್ದರಿ ಬರೆದದ್ದೇ ಬರೆದದ್ದು. ಯುಪಿಐ ಅದೇ ವರ್ಷ ಶುರುವಾಗಿತ್ತು ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ. ಆಗ ನಮ್ಮ ಬೀದಿಯಲ್ಲಿ ಅದರ ಹೆಸರು ಹೇಳುವವರು ಯಾರೂ ಇರಲಿಲ್ಲ. ನಮ್ಮನ್ನು ಕಾಪಾಡಿದ್ದು ಕೆಂಪು ಬಟ್ಟೆ ಸುತ್ತಿದ ಉದ್ದನೆಯ ಲೆಕ್ಕದ ಪುಸ್ತಕ.

ಕ್ಯೂಆರ್ ಬಂದದ್ದು ಕೊರೊನಾ ಕಾಲದಲ್ಲಿ. ನೋಟು ಮುಟ್ಟಲು ಎಲ್ಲರಿಗೂ ಹೆದರಿಕೆ. ಮಾವ ಬಂದ ನೋಟುಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದರು. ಮನೆಯಲ್ಲಿ ನಕ್ಕೆವು, ಆದರೆ ತಡೆಯಲಿಲ್ಲ. ಮಗ ಒಂದು ಸ್ಟಿಕ್ಕರ್ ತಂದು ಅಂಟಿಸಿದ. ಮೊದಲ ವಾರ ಅದನ್ನು ಯಾರೂ ಮುಟ್ಟಲಿಲ್ಲ. ಮೂರನೇ ತಿಂಗಳಿಗೆ "ಫೋನ್ ಪೇ ಮಾಡ್ತೀನಿ ಅಕ್ಕಾ" ಅನ್ನುವುದು ಬೀದಿಯ ಮಾತೇ ಆಯಿತು, ಯಾವ ಆ್ಯಪ್‌ನಿಂದ ಹಾಕಿದರೂ ಅದೇ ಮಾತು.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಚಿಲ್ಲರೆಯ ಜಗಳ ನಿಂತೇಹೋಯಿತು. ಮೊದಲು ಎರಡು ರೂಪಾಯಿಗೆ ಚಾಕೊಲೇಟ್ ಕೊಡುತ್ತಿದ್ದೆವು. ಕೆಲವರು ತೆಗೆದುಕೊಳ್ಳುತ್ತಿದ್ದರು, ಕೆಲವರು ಮುಖ ಸಿಂಡರಿಸುತ್ತಿದ್ದರು. ಒಬ್ಬ ಮೇಷ್ಟ್ರು ಚಾಕೊಲೇಟುಗಳನ್ನೆಲ್ಲ ಕೂಡಿಟ್ಟು, ಒಂದು ದಿನ ಹತ್ತು ತಂದು "ತಗೊಳ್ಳಿ, ಇಪ್ಪತ್ತು ರೂಪಾಯಿ ಮುರಿದುಕೊಳ್ಳಿ" ಅಂದರು. ನಾನು ಬಾಯಿ ಮುಚ್ಚಿಕೊಂಡು ಮುರಿದುಕೊಂಡೆ. ಹತ್ತರ ನಾಣ್ಯದ್ದು ಇನ್ನೊಂದು ರಾಮಾಯಣ. ಚಲಾವಣೆಯಲ್ಲಿದೆ ಅಂತ ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ನಮ್ಮ ಕಡೆ ಯಾರೂ ಮುಟ್ಟುತ್ತಿರಲಿಲ್ಲ. ಈಗ 103 ಅಂದರೆ 103 ಬರುತ್ತದೆ. "ನೂರು ಕೊಡಿ ಸಾಕು" ಅನ್ನುವ ಮಾತು ಮಾತ್ರ ನನ್ನ ಬಾಯಿಂದ ಕಡಿಮೆಯಾಯಿತು. ನಾನು ಹೇಳುವ ಮೊದಲೇ ಮೂರು ರೂಪಾಯಿ ಬಂದಿರುತ್ತದೆ. ಇಲ್ಲೂ ಕೊಸರಿಗೆ ಜಾಗ ಇಲ್ಲ, ನೋಡಿ.

ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಮೊದಲು ಹೇಳುವುದು ಖಾತೆಯ ವಿಷಯ. ಅಂಗಡಿಗೆ ಬೇರೆ ಖಾತೆ, ಮನೆಗೆ ಬೇರೆ ಖಾತೆ. ನಾವು ಎರಡು ವರ್ಷ ಒಂದರಲ್ಲೇ ಓಡಿಸಿದೆವು. ಚೀಟಿ ದುಡ್ಡು, ತಂಗಿ ಕಳಿಸಿದ್ದು, ವ್ಯಾಪಾರದ್ದು ಎಲ್ಲ ಒಟ್ಟಿಗೆ. ಅದರ ಜೊತೆ ಇನ್ನೊಂದು. ಎಟಿಎಂ ಖಾಲಿಯಾದ ದಿನ ಪರಿಚಯದವರು ಬಂದು "ಅಕ್ಕಾ, ಎರಡು ಸಾವಿರ ಹಾಕ್ತೀನಿ, ನೋಟು ಕೊಡಿ" ಅನ್ನುತ್ತಾರೆ. ಕೊಡುತ್ತಿದ್ದೆ. ನಮಗದು ಉಪಕಾರ, ಬ್ಯಾಂಕಿನ ಲೆಕ್ಕಕ್ಕೆ ವ್ಯಾಪಾರ.

ಇದರ ಬಿಸಿ ಗೊತ್ತಾದದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ದುಡ್ಡಿನ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಹೋಯಿತು. ಬೆಂಗಳೂರಿನ ಅಂಗಡಿಗಳಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡು ಬಿದ್ದವು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿಗಳು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ನಮಗೆ ನೋಟಿಸು ಬರಲಿಲ್ಲ. ಆದರೂ ಎರಡು ರಾತ್ರಿ ಕೂತು ಕೂಡಿದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ ವ್ಯಾಪಾರ ಮಾಡಲು ವರ್ಷಕ್ಕೆ 40 ಲಕ್ಷದ ಮಿತಿ. ಅಂದರೆ ದಿನಕ್ಕೆ ಸುಮಾರು 11,000. ಕೇಳಲು ದೊಡ್ಡ ಮೊತ್ತ. ಆದರೆ ಹತ್ತು ಮೂಟೆ ಅಕ್ಕಿ ಹೋದರೆ ಮುಗಿಯಿತು, ಅದರಲ್ಲಿ ನಮಗೆ ಉಳಿಯುವುದು ಎಷ್ಟು? ಮಾರನೇ ದಿನವೇ ಆಡಿಟರ್ ಹತ್ತಿರ ಹೋದೆ. ನೋಟು ಕೊಡುವ ಉಪಕಾರವನ್ನೂ ಅವತ್ತೇ ನಿಲ್ಲಿಸಿದೆ. ಕೆಲವರಿಗೆ ಬೇಜಾರಾಗಿದೆ, ಇರಲಿ.

ಬೋರ್ಡು ಹಾಕಿ ಕ್ಯೂಆರ್ ತೆಗೆದುಬಿಡಬೇಕಿತ್ತು ಅಂತ ಪಕ್ಕದ ಅಂಗಡಿಯವರು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಮಾವ ದಿನದ ವ್ಯಾಪಾರವನ್ನು ಅಂದಾಜಿನಲ್ಲೇ ಇಟ್ಟುಕೊಂಡಿದ್ದರು. ಅಂಗಡಿ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಯುಗಾದಿಗೊಮ್ಮೆ ಗೊತ್ತಾಗುತ್ತಿತ್ತು. ಈಗ ನನಗೆ ಪ್ರತಿ ರಾತ್ರಿ ಗೊತ್ತಾಗುತ್ತದೆ. ಅದನ್ನು ಬಿಡಲು ಮನಸ್ಸಿಲ್ಲ.

ಮೋಸದ ವಿಷಯ ಹೇಳದಿದ್ದರೆ ಆಗದು. ಒಂದು ಸಂಜೆ, ಜನ ತುಂಬಿದ್ದಾಗ, ಒಬ್ಬ ಹುಡುಗ ಎಣ್ಣೆ, ತುಪ್ಪ, ಸೋಪು ಅಂತ 840 ರೂಪಾಯಿ ಸಾಮಾನು ತೆಗೆದುಕೊಂಡ. ಮೊಬೈಲು ತೋರಿಸಿದ, ಹಸಿರು ಟಿಕ್ ಇತ್ತು, ನಮ್ಮ ಹೆಸರೂ ಇತ್ತು. ಆಗ ಮಾತಾಡುವ ಡಬ್ಬಿ ಇರಲಿಲ್ಲ. ರಾತ್ರಿ ನೋಡಿದರೆ 840 ಬಂದೇ ಇಲ್ಲ. ದುಡ್ಡು ಹೋದಂತೆ ಬರೀ ಚಿತ್ರ ತೋರಿಸುವ ನಕಲಿ ಆ್ಯಪ್‌ಗಳಿವೆ ಅಂತ ಮಗ ಹೇಳಿದ. ಆಮೇಲೆ ಗಿರಾಕಿಯ ಮೊಬೈಲು ನೋಡುವುದನ್ನೇ ಬಿಟ್ಟೆ. ನೋಡುವುದು ನನ್ನ ಮೊಬೈಲು ಮಾತ್ರ.

ಇನ್ನೊಂದು ಸಲ ಹೊರಗಿನ ಕಂಬದ ಕ್ಯೂಆರ್ ಮೇಲೆ ಬೇರೆ ಯಾರದ್ದೋ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಪುಣ್ಯಕ್ಕೆ ಬೆಳಗಿನ ಮೊದಲ ಗಿರಾಕಿಯೇ "ಯಾರೋ ಬೇರೆ ಹೆಸರು ಬರ್ತಿದೆ" ಅಂದರು. ಈಗ ಸ್ಟಿಕ್ಕರು ಗಾಜಿನ ಒಳಗಡೆ ಇದೆ. ಬೆಳಗ್ಗೆ ದೀಪ ಹಚ್ಚಿ, ಊದುಬತ್ತಿ ಇಟ್ಟು, ಒಂದು ಸಲ ಸ್ಕ್ಯಾನ್ ಮಾಡಿ ಹೆಸರು ನೋಡಿಕೊಳ್ಳುತ್ತೇನೆ. ಇದೂ ಪೂಜೆಯ ಭಾಗವೇ ಆಗಿಹೋಗಿದೆ.

ಅಂಗಡಿಗೆ ಬರುವ ಹೆಂಗಸರಿಗೆಲ್ಲ ನಾನು ಒಂದೇ ಪಾಠ ಹೇಳುವುದು: ದುಡ್ಡು ಬರಬೇಕಾದರೆ ಪಿನ್ ಒತ್ತುವ ಕೆಲಸವೇ ಇಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ. ಯಾರಾದರೂ "ನಿಮಗೆ ದುಡ್ಡು ಹಾಕ್ತೀನಿ, ಪಿನ್ ಹಾಕಿ" ಅಂದರೆ ಫೋನು ಇಡಿ. ಹೋದ ಮೇಲೆ ಅಳುತ್ತಾ ಕೂರಬೇಡಿ, ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಗಲ್ಲಾ ಹಿಂದಿನ ಗೋಡೆಗೆ ಆ ನಂಬರನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.

ಆ 840ರ ನಂತರ ಬಂದದ್ದು ಮಾತಾಡುವ ಡಬ್ಬಿ. ಒಳಗೆ ಸಿಮ್ ಇರುತ್ತದೆ, ತಿಂಗಳ ಬಾಡಿಗೆ ಖಾತೆಯಿಂದ ತಾನೇ ಮುರಿದುಕೊಳ್ಳುತ್ತದೆ. ನೀವು ಬಳಸಿ, ಬಿಡಿ, ಬಾಡಿಗೆ ಮಾತ್ರ ತಪ್ಪುವುದಿಲ್ಲ. ಭಾಷೆ ಕನ್ನಡಕ್ಕೆ ಹಾಕಿಸಿದೆ. ಮಾವನಿಗೆ ಅದು ಬಹಳ ಇಷ್ಟವಾಯಿತು, ನಾನು ಅಂದುಕೊಂಡಿರಲಿಲ್ಲ. ಕೊನೆ ಕೊನೆಗೆ ಅವರಿಗೆ ಕಣ್ಣು ಮಂಜಾಗಿತ್ತು. ನೋಟಿನ ಬಣ್ಣ ತಿಳಿಯುತ್ತಿರಲಿಲ್ಲ. ಡಬ್ಬಿ ಮಾತಾಡಿದರೆ ಗಿರಾಕಿ ಎಷ್ಟು ಕೊಟ್ಟರು ಅಂತ ಗೊತ್ತಾಗುತ್ತಿತ್ತು. ಅವರು ಗಲ್ಲಾದಲ್ಲಿ ಇನ್ನೂ ಎರಡು ವರ್ಷ ಕೂತದ್ದು ಆ ಡಬ್ಬಿಯಿಂದ. ಯಾರಾದರೂ ಟೆಕ್ನಾಲಜಿಯನ್ನು ಬೈದರೆ ನನಗೆ ಮೊದಲು ನೆನಪಾಗುವುದು ಇದೇ. ಡಬ್ಬಿ "ಇಪ್ಪತ್ತು ರೂಪಾಯಿ" ಅಂದ ಕೂಡಲೇ ಮಾವ "ಹ್ಞೂಂ" ಅನ್ನುತ್ತಿದ್ದರು, ಮನುಷ್ಯರಿಗೆ ಉತ್ತರ ಕೊಟ್ಟಂತೆ.

ಆಚೆ ಹಾಕಿದ್ದರಲ್ಲಿ ದೊಡ್ಡದು ಉದ್ದರಿಯ ಆ್ಯಪ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಕೊಬ್ಬರಿ ಸೀಮೆ. ಇಲ್ಲಿಯ ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಬೇಕು. ಆಮೇಲೆ ಸುಲಿದು, ಒಡೆದು, ಮಾರುಕಟ್ಟೆಗೆ ತಂದು ಮಾರಿದಾಗಲೇ ರೈತನ ಕೈಗೆ ದುಡ್ಡು. ಅಲ್ಲಿಯವರೆಗೆ ಅಕ್ಕಿ, ಬೇಳೆ, ಎಣ್ಣೆ ಎಲ್ಲ ಅಂಗಡಿಯ ಪುಸ್ತಕದಲ್ಲಿ. 2023ರಲ್ಲಿ ಕೊಬ್ಬರಿ ಬೆಲೆ ಬೆಂಬಲ ಬೆಲೆಗಿಂತಲೂ ಕೆಳಗೆ ಬಿತ್ತು. ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ಅಂತ ಸರ್ಕಾರ ಹೇಳಿತ್ತು, ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ಬೆಲೆ ಏರಲಿ ಅಂತ ಕೆಲವರು ಅಟ್ಟದಲ್ಲೇ ಇಟ್ಟರು. ನಮ್ಮ ಪುಸ್ತಕ ದಪ್ಪವಾಗುತ್ತಾ ಹೋಯಿತು.

ಆಗ ಮಗ ಒಂದು ಆ್ಯಪ್ ಹಾಕಿಕೊಟ್ಟ. ಯಾರು ಎಷ್ಟು ಕೊಡಬೇಕು ಎಲ್ಲ ಒಂದೇ ಕಡೆ. ಎರಡು ವಾರ ಕೂತು ಪುಸ್ತಕವನ್ನೆಲ್ಲ ಅದಕ್ಕೆ ಏರಿಸಿದೆ. ಲೆಕ್ಕ ತಪ್ಪುವುದೇ ಇಲ್ಲ, ಬಹಳ ಖುಷಿಯಾಯಿತು. ಆದರೆ ಆ ಆ್ಯಪ್ ಬಾಕಿ ಇರುವವರಿಗೆ ತಾನೇ ಮೆಸೇಜು ಕಳಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಒಬ್ಬ ರೈತರು, ಮಾವನ ಕಾಲದಿಂದ ನಮ್ಮಲ್ಲೇ ಸಾಮಾನು ಒಯ್ಯುವವರು. ಅವರ ಮನೆಯಲ್ಲಿ ಸಾವಾಗಿ ನಾಲ್ಕು ದಿನ ಆಗಿತ್ತು. ಅವತ್ತು ಬೆಳಗ್ಗೆ ಅವರ ಮೊಬೈಲಿಗೆ ನಮ್ಮ ಅಂಗಡಿ ಹೆಸರಿನಲ್ಲಿ ಮೆಸೇಜು ಹೋಗಿದೆ. ಇಷ್ಟು ಬಾಕಿ ಇದೆ, ದಯವಿಟ್ಟು ಪಾವತಿಸಿ ಅಂತ. ತಿಥಿ ಮುಗಿದ ಮೇಲೆ ಬಂದರು. ಕೂರಲಿಲ್ಲ. ನೋಟುಗಳನ್ನು ಗಾಜಿನ ಮೇಲೆ ಇಟ್ಟು, "ಎಣಿಸಿಕೊಳ್ಳಮ್ಮ" ಅಂದರು. ನಾನು ಏನೇನೋ ಹೇಳಿದೆ. ಅದು ತಾನೇ ಹೋಗುತ್ತೆ ಅಣ್ಣಯ್ಯ, ನಾನು ಕಳಿಸಿದ್ದಲ್ಲ ಅಂದೆ. "ನಿನ್ನ ಹೆಸರಿತ್ತಲ್ಲಮ್ಮ" ಅಂದರು.

ಮಾವ ಅವತ್ತು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಕಿ ಕೇಳಲು ಅವರದ್ದೇ ಒಂದು ಕ್ರಮ ಇತ್ತು. ಎದುರಿಗೆ ಸಿಕ್ಕಾಗ "ಈ ಸಲ ಕಾಯಿ ಹೇಗಿದೆ?" ಅಂತ ಕೇಳುವುದು, ಅಷ್ಟೇ. ಅವರಿಗೂ ಅರ್ಥವಾಗುತ್ತಿತ್ತು, ಇವರಿಗೂ ಅರ್ಥವಾಗುತ್ತಿತ್ತು. ಆ ಮೆಸೇಜನ್ನು ನಿಲ್ಲಿಸುವ ಗುಂಡಿ ಆ್ಯಪ್‌ನಲ್ಲೇ ಇತ್ತಂತೆ. ನಾನು ಹುಡುಕಿರಲಿಲ್ಲ, ತಪ್ಪು ನನ್ನದೇ. ಆದರೂ ಅದನ್ನು ತೆಗೆದುಹಾಕಿ ಪುಸ್ತಕಕ್ಕೆ ವಾಪಸ್ ಬಂದೆ. ಆ ಮನೆಯವರು ಈಗ ಬೇರೆ ಅಂಗಡಿಗೆ ಹೋಗುತ್ತಾರೆ. ಹಬ್ಬದಲ್ಲಿ ಎದುರಾದರೆ ಮಾತಾಡಿಸುತ್ತಾರೆ, ಅಂಗಡಿಗೆ ಮಾತ್ರ ಬರುವುದಿಲ್ಲ.

ಪುಸ್ತಕ ಇನ್ನೊಂದು ಸಲವೂ ಕೈ ಹಿಡಿಯಿತು. 2025ರ ಏಪ್ರಿಲ್ 12, ಶನಿವಾರ. ದೇಶದಲ್ಲೆಲ್ಲ ಯುಪಿಐ ಕೈಕೊಟ್ಟ ದಿನ. ಜನ ಮೊಬೈಲು ಮೇಲೆತ್ತಿ ಸಿಗ್ನಲ್ ಹುಡುಕುತ್ತಿದ್ದರು, ಕೈಯಲ್ಲಿ ಹತ್ತು ರೂಪಾಯಿಯ ನೋಟೂ ಇಲ್ಲ. ಪುಸ್ತಕದ ಕೊನೇ ಹಾಳೆಯಲ್ಲಿ ಹೆಸರು, ಮೊತ್ತ ಬರೆಯುತ್ತಾ ಹೋದೆ. ಇಪ್ಪತ್ತಮೂರು ಜನ. ಸೋಮವಾರದ ಹೊತ್ತಿಗೆ ಇಪ್ಪತ್ತೆರಡು ಜನ ಕೊಟ್ಟರು. ಉಳಿದ ಒಬ್ಬರು ಯಾರು ಅಂತ ನನಗೂ ಗೊತ್ತು, ಅವರಿಗೂ ಗೊತ್ತು.

ವಾಟ್ಸಾಪ್ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲಸಕ್ಕೆ ಹೋಗುವ ಹೆಂಗಸರಿಗೆ ಅನುಕೂಲ. ರಾತ್ರಿ ಪಟ್ಟಿ ಕಳಿಸುತ್ತಾರೆ, ಸಂಜೆ ಬರುತ್ತಾ ಚೀಲ ಎತ್ತಿಕೊಂಡು ಹೋಗುತ್ತಾರೆ. ಓದಲು ಬಾರದ ಒಬ್ಬ ಅಜ್ಜಿ ಧ್ವನಿಯಲ್ಲೇ ಕಳಿಸುತ್ತಾರೆ. ಸಾಮಾನು ನಾಲ್ಕೇ ಇದ್ದರೂ ಸೊಸೆಯ ಸುದ್ದಿ ಮೂರು ನಿಮಿಷ ಇರುತ್ತದೆ. ಪೂರ್ತಿ ಕೇಳಲೇಬೇಕು, ಬೆಲ್ಲ ಯಾವಾಗಲೂ ಕೊನೆಯಲ್ಲಿ ಬರುತ್ತದೆ. ಒಂಬತ್ತಕ್ಕೆ ಆ ಫೋನು ಆಫ್.

ಮತ್ತೆ ಡಬ್ಬಿಗೆ ಬರುತ್ತೇನೆ. ಅದರ ಒಂದು ಗುಣ ನನಗೆ ತಿಳಿಯಲು ಬಹಳ ದಿನ ಹಿಡಿಯಿತು. ಅದಕ್ಕೆ ಗುಟ್ಟು ಗೊತ್ತಿಲ್ಲ. ಸಂಜೆ ಅಂಗಡಿ ಮುಂದೆ ಆರೇಳು ಜನ ನಿಂತಿರುತ್ತಾರೆ. ಯಾರದ್ದೋ ಹಳೇ ಬಾಕಿ ತೀರಿದರೆ ಡಬ್ಬಿ ದೊಡ್ಡ ದನಿಯಲ್ಲಿ "ಒಂದು ಸಾವಿರದ ಎಂಟುನೂರು" ಅಂತ ಕೂಗುತ್ತದೆ. ನಿಂತವರೆಲ್ಲ ತಿರುಗಿ ನೋಡುತ್ತಾರೆ. ಅಷ್ಟು ಸಾಲ ಇತ್ತಾ ಅಂತ ಅವರ ಕಣ್ಣು ಕೇಳುತ್ತದೆ. ಸ್ಯಾನಿಟರಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೊಡುವ ಊರು ನಮ್ಮದು. ಕಾಗದ ಸುತ್ತಿ ಏನು ಬಂತು, ಡಬ್ಬಿ 42 ಅಂದ ಕೂಡಲೇ ಪಕ್ಕದಲ್ಲಿದ್ದವಳಿಗೆ ಗೊತ್ತಾಗುತ್ತದೆ. ಈಗ ಡಬ್ಬಿಯನ್ನು ನನ್ನ ಮೊಣಕಾಲಿನ ಹತ್ತಿರ, ಮೇಜಿನ ಕೆಳಗೆ ಇಟ್ಟು ಸದ್ದು ಕಡಿಮೆ ಮಾಡಿದ್ದೇನೆ. ನನಗೆ ಕೇಳಿದರೆ ಸಾಕಲ್ವಾ.

ಇದನ್ನು ನನಗೆ ಕಲಿಸಿದವಳು ಹಿಂದಿನ ಬೀದಿಯ ಒಬ್ಬಳು. ಗೃಹಲಕ್ಷ್ಮಿಯ 2,000 ಅವಳ ಖಾತೆಗೇ ಬರುತ್ತದೆ. ಆದರೆ ಖಾತೆಗೆ ಜೋಡಿಸಿದ ಮೊಬೈಲು ಗಂಡನದ್ದು. ಅವಳು ಎಲ್ಲಿ ಹತ್ತು ರೂಪಾಯಿ ಕೊಟ್ಟರೂ ಅವನ ಮೊಬೈಲು ಟಿಂಗ್ ಅನ್ನುತ್ತದೆ. ಹಾಗಾಗಿ ಅವಳು ಹೆಬ್ಬೆಟ್ಟು ಒತ್ತಿ ಪೂರ್ತಿ ದುಡ್ಡನ್ನು ಒಂದೇ ಸಲ ತೆಗೆದುಬಿಡುತ್ತಾಳೆ. ಟಿಂಗ್ ಒಂದೇ ಸಲ, ಜಗಳವೂ ಒಂದೇ ಸಲ. ಗಂಡನ ಕೈಗೆ ಸ್ವಲ್ಪ ಕೊಟ್ಟು, ಉಳಿದದ್ದನ್ನು ಮನೆಯ ಡಬ್ಬಿಯಲ್ಲಿ ಇಡುತ್ತಾಳೆ. ಒಂದು ಸಲ ನಾನೇ, "ಯಾಕಮ್ಮ ಈ ತಾಪತ್ರಯ, ಸ್ಕ್ಯಾನ್ ಮಾಡೋದು ಕಲಿತುಕೋ, ನಾನು ಹೇಳಿಕೊಡ್ತೀನಿ" ಅಂದಿದ್ದೆ. ಅವಳು ನಕ್ಕಳು. "ಕಲಿಯೋದೇನು ಕಷ್ಟ ಅಕ್ಕಾ? ನೀವು ಕಲಿತಿಲ್ವಾ? ಆದರೆ ಎಲ್ಲಿ ಕೊಟ್ಟೆ ಅನ್ನೋದು ಬರೆದಿಟ್ಟುಬಿಡುತ್ತಲ್ಲ ಅದು."

ನಾನು ಸುಮ್ಮನಾದೆ. ಅಷ್ಟು ದಿನ ನೋಟು ಕೊಡುವವರೆಲ್ಲ ಕಲಿಯದವರು ಅಂತಲೇ ಅಂದುಕೊಂಡಿದ್ದೆ.

ಹೋದ ತಿಂಗಳು ಅವಳು ಮಧ್ಯಾಹ್ನ ಬಂದಳು, ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು. ಮಗಳ ಶಾಲೆಯ ಪುಸ್ತಕಕ್ಕೆ ಅಂತ ನನ್ನ ಹತ್ತಿರ ತೆಗೆದುಕೊಂಡಿದ್ದ ದುಡ್ಡು ಅದು, ಸಾಮಾನಿನದ್ದಲ್ಲ. ಸೆರಗಿನ ಗಂಟು ಬಿಚ್ಚಿ ನೋಟಿನ ಸುರುಳಿ ತೆಗೆದಳು. ಗಾಜಿನ ಮೇಲೆ ಬಿಡಿಸಿದಾಗ ಒಳಗಿಂದ ಎರಡು ಸಾಸಿವೆ ಕಾಳು ಉದುರಿದವು. ಎಣಿಸಿದೆ. 1,400, ಸರಿಯಾಗಿತ್ತು. ಪುಸ್ತಕ ತೆಗೆದು ಅವಳ ಹೆಸರಿನ ಮುಂದೆ ಗೆರೆ ಎಳೆದೆ. ಅವಳು ಮೇಜಿನ ಮೇಲೆ ಕೈ ಊರಿ, ಬಗ್ಗಿ, ಗೆರೆ ಬಿದ್ದದ್ದನ್ನು ನೋಡಿಕೊಂಡು ಹೋದಳು.